ಉಲ್ಕಾಘಾತದ ಶಿಲಾದ್ರವವೂ ಸುತ್ತಣ ಶಿಲೆಯೂ

ಆಕಾಶದಿಂದ ಬೀಳುವ ಬೆಂಕಿಯ ಕೊಳ್ಳಿಯನ್ನು ಭಾರತೀಯರು ಬಹು ಹಿಂದಿನಿಂದಲೂ ಬಲ್ಲರು. 'ಉಲ್ಕಾ' ಎಂಬ ಸಂಸ್ಕೃತ ಶಬ್ದಕ್ಕೆ ಕೊಳ್ಳಿ, ಪಂಜು ಎಂಬ ಅರ್ಥಗಳೂ ಉಂಟು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳ ಲಕ್ಷಣವನ್ನು ಹೇಳುವುದಕ್ಕೆಂದೇ ಒಂದು ಅಧ್ಯಾಯವಿದೆ. ಆದರೆ ಅಲ್ಲಿನ ವಿಚಾರವು ಮುಖ್ಯವಾಗಿ ಶುಭಾಶುಭ ಫಲಗಳಿಗೆ ಸಂಬಂಧಿಸಿದುದು. ಉಲ್ಕೆಯು ನೆಲವನ್ನು ತಾಕಿದ ಮೇಲೆ ಆ ನೆಲದ ಗತಿ ಏನಾಯಿತು, ಅಲ್ಲಿಯ ಬಂಡೆ ಏನಾಗಿ ಮಾರ್ಪಟ್ಟಿತು ಎಂಬ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ಇಪ್ಪತ್ತನೆಯ ಶತಮಾನದ ಭೂವಿಜ್ಞಾನಿಗಳು. ಅವರಿಗೆ ದೊರೆತ ಉತ್ತರವು ಶಾಲೆಯ ಪಠ್ಯಪುಸ್ತಕದ ಒಂದು ಪುಟವನ್ನೇ ಅಲುಗಿಸುವಂಥದು.

ಶಿಲೆಗಳಲ್ಲಿ ಮೂರು ವರ್ಗಗಳುಂಟೆಂದು ಬಾಲಕರು ಕಂಠಪಾಠ ಮಾಡುತ್ತಾರೆ: ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ. ಅಗ್ನಿಶಿಲೆ ಎಂದರೇನು ಎಂದು ಕೇಳಿದರೆ, ಭೂಗರ್ಭದಲ್ಲಿ ಕರಗಿದ ಶಿಲಾರಸವು ಮೇಲಕ್ಕೇರಿ ಆರಿ ಗಟ್ಟಿಯಾದದ್ದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರವು ತಪ್ಪಲ್ಲ, ಆದರೆ ಅಪೂರ್ಣ. ಭೂಗರ್ಭದ ಬೆಂಕಿಯನ್ನು ಲೇಶವೂ ಪಡೆಯದೆ, ಮೇಲಿನಿಂದ ಬಿದ್ದ ಒಂದೇ ಒಂದು ಪೆಟ್ಟಿನಿಂದ ಕರಗಿ, ಮತ್ತೆ ಹೆಪ್ಪುಗಟ್ಟಿದ ಅಗ್ನಿಶಿಲೆಯೂ ಭೂಮಿಯ ಮೇಲುಂಟು. ಅಂಥ ಶಿಲೆಯ ಒಂದು ಮಹಾರಾಶಿಯು ಕೆನಡಾ ದೇಶದ ಆಂಟೇರಿಯೊ ಪ್ರಾಂತದ ಸಡ್ಬರಿ ಎಂಬಲ್ಲಿದೆ. ಆ ದ್ರವವು ತನ್ನ ಸುತ್ತಣ ಬಂಡೆಯೊಡನೆ ಹೇಗೆ ವ್ಯವಹರಿಸಿತು ಎಂಬುದೇ ಈ ಲೇಖನದ ವಸ್ತು.

ಮೊದಲು ಹೆಸರಿನ ವಿಚಾರ. ಭೂಮಿಯೊಳಗೆ ಕರಗಿರುವ ಶಿಲೆಯನ್ನು ಶಿಲಾಪಾಕವೆಂದೂ ಅದು ಹೊರಹರಿದಾಗ ಲಾವಾರಸವೆಂದೂ ಕನ್ನಡದಲ್ಲಿ ಕರೆಯುವುದು ರೂಢಿ. 'ಪಾಕ' ಎಂಬುದು ಒಳ್ಳೆಯ ಶಬ್ದ. ನಿಧಾನವಾಗಿ, ಒಂದು ಹದದಲ್ಲಿ ಬೇಯುವುದನ್ನು ಅದು ಸೂಚಿಸುತ್ತದೆ. ಬೆಲ್ಲದ ಪಾಕವನ್ನು ಎಳೆ ನೋಡಿ ಇಳಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉಲ್ಕಾಘಾತದಲ್ಲಿ ಇಂಥ ಹದವೇ ಇಲ್ಲ. ಅಲ್ಲಿ ಶಿಲೆಯು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಘನಸ್ಥಿತಿಯನ್ನು ತೊರೆದಿರುತ್ತದೆ. ಆದುದರಿಂದ ಇಲ್ಲಿ ಅದನ್ನು ಪಾಕವೆನ್ನದೆ 'ಆಘಾತದ್ರವ' ಎಂದು ಕರೆದಿದೆ.

ಈ ದ್ರವವು ಹುಟ್ಟುವ ಬಗೆಯೇ ವಿಚಿತ್ರ. ದೊಡ್ಡ ಆಕಾಶಶಿಲೆಯೊಂದು ಭೂಮಿಯನ್ನು ತಾಕುವಾಗ ಅದರ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 20 ಕಿಲೋಮೀಟರ್. ಇಂಥ ವೇಗದಲ್ಲಿ ತಾಕಿದಾಗ ನೆಲದೊಳಗೆ ಒಂದು ಆಘಾತತರಂಗವು ಹೊರಡುತ್ತದೆ. ವಾಯುಮಂಡಲದ ಒತ್ತಡಕ್ಕಿಂತ ಸುಮಾರು 1 ಲಕ್ಷ ಪಟ್ಟು ಒತ್ತಡವುಂಟಾದಲ್ಲಿ ಬೆಣಚುಕಲ್ಲಿನ ಹರಳಿನೊಳಗೆ ಸೂಕ್ಷ್ಮವಾದ ಸಮಾಂತರ ಗೆರೆಗಳು ಮೂಡುತ್ತವೆ. ಒತ್ತಡವು ಸುಮಾರು 6 ಲಕ್ಷ ಪಟ್ಟನ್ನು ಮೀರಿದಲ್ಲಿ ಇಡಿಯ ಬಂಡೆಯೇ ಕರಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಶಿಲೆಯು ಕರಗುವುದು ಒತ್ತಡ ಬಿದ್ದಾಗಲಲ್ಲ, ಒತ್ತಡವು ಬಿಟ್ಟಾಗ. ಹಿಡಿತದಲ್ಲಿ ನಜ್ಜುಗುಜ್ಜಾದ ಬಂಡೆಯಲ್ಲಿ ಆಘಾತವು ಬಿಟ್ಟುಹೋದ ಶಾಖವು ಉಳಿದಿರುತ್ತದೆ. ಹಿಡಿತ ಸಡಿಲಿದೊಡನೆ ಆ ಶಾಖವು ಬಂಡೆಯನ್ನು ದ್ರವವಾಗಿಸುತ್ತದೆ, ಇನ್ನೂ ಹೆಚ್ಚಿದ್ದರೆ ಆವಿಯಾಗಿಸುತ್ತದೆ.

ಹೀಗೆ ಕರಗಿದ್ದು ಯಾವ ಕಲ್ಲು? ಸಾಮಾನ್ಯರು ಬಿದ್ದ ಉಲ್ಕೆಯೇ ಕರಗಿತೆಂದು ತಿಳಿಯುತ್ತಾರೆ. ಅದು ಸರಿಯಲ್ಲ. ಉಲ್ಕೆಯ ಬಹುಭಾಗವು ಆವಿಯಾಗಿ ಚೆದರಿಹೋಗುತ್ತದೆ. ಕರಗಿ ಕುಳಿಯಲ್ಲಿ ನಿಲ್ಲುವುದು ಹೊಡೆತ ತಿಂದ ನೆಲದ ಶಿಲೆಯೇ. ದಕ್ಷಿಣ ಆಫ್ರಿಕಾದ ವ್ರೆಡೆಫೋರ್ಟ್ ಎಂಬಲ್ಲಿಯ ಆಘಾತಶಿಲೆಯಲ್ಲಿರುವ ಆಸ್ಮಿಯಂ ಲೋಹವನ್ನು 1996ರಲ್ಲಿ ಪರೀಕ್ಷಿಸಿದಾಗ, ಅದರಲ್ಲಿ ಉಲ್ಕೆಯ ಅಂಶವು ನೂರಕ್ಕೆ 0.2ನ್ನು ಮೀರಲಾರದೆಂದು ತಿಳಿದುಬಂದಿತು. ಅಕ್ಕಸಾಲಿಗನ ಮೂಸೆಯಲ್ಲಿ ಚಿನ್ನ ಕರಗುತ್ತದೆ, ಮೂಸೆ ಹಾಗೆಯೇ ಉಳಿಯುತ್ತದೆ. ಇಲ್ಲಿಯಾದರೋ ಚಿನ್ನ ಹಾರಿಹೋಗಿ ಮೂಸೆಯೇ ಕರಗಿ, ತನ್ನದೇ ಉಳಿದ ಭಾಗದಲ್ಲಿ ತಾನೇ ತುಂಬಿ ನಿಂತಿರುತ್ತದೆ. ದ್ರವವೂ ಅದನ್ನು ಹಿಡಿದಿರುವ ಬಂಡೆಯೂ ಒಂದೇ ಮೈಯ ಎರಡು ಭಾಗಗಳು. ಇವೆರಡರ ನಡುವಣ ವ್ಯವಹಾರವು ಜಟಿಲವಾಗಿರುವುದಕ್ಕೆ ಈ ರಕ್ತಸಂಬಂಧವೇ ಕಾರಣವೆನ್ನಬೇಕು.

ಕರಗುವ ಪ್ರಮಾಣವು ಎಲ್ಲ ಕುಳಿಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಕುಳಿಯು ದೊಡ್ಡದಾದಂತೆ ದ್ರವದ ಪಾಲು ಕುಳಿಗಿಂತಲೂ ವೇಗವಾಗಿ ಬೆಳೆಯುತ್ತದೆ. ಭಾರತದಲ್ಲಿಯೇ ಇರುವ ಒಂದು ಚಿಕ್ಕ ಕುಳಿಯನ್ನು ಮೊದಲು ನೋಡುವುದು ಉಚಿತ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ ಸರೋವರವು ಸುಮಾರು 1.8 ಕಿಲೋಮೀಟರ್ ವ್ಯಾಸದ ದುಂಡನೆಯ ತಗ್ಗು. ಅದರ ನೆಲವು ದಖನ್ನಿನ ಬಸಾಲ್ಟ್ ಶಿಲೆ, ಎಂದರೆ ಬೀದರ, ವಿಜಯಪುರ, ಬೆಳಗಾವಿ ಪ್ರಾಂತಗಳ ಎರೆಭೂಮಿಯ ಅಡಿಯಲ್ಲಿ ಹಬ್ಬಿರುವ ಅದೇ ಕರಿಕಲ್ಲು. ಲೋಣಾಸುರನನ್ನು ವಿಷ್ಣುವು ಸಂಹರಿಸಿದ ಸ್ಥಳವಿದೆಂದು ಸ್ಥಳಪುರಾಣವು ಹೇಳುತ್ತದೆ, ದೈತ್ಯಸೂದನನ ದೇವಾಲಯವೂ ಅಲ್ಲಿದೆ. ಸುತ್ತಲೂ ಲಾವಾರಸದ ಶಿಲೆಯೇ ಇರುವುದರಿಂದ ಅದು ಜ್ವಾಲಾಮುಖಿಯ ಕುಳಿಯೆಂದೇ ಬಹುಕಾಲ ಭಾವಿಸಲಾಗಿದ್ದಿತು. ಸರೋವರದ ತಳವನ್ನು ಕೊರೆದು ತೆಗೆದ ಶಿಲೆಯಲ್ಲಿ, ಆಘಾತದಿಂದ ಗಾಜಿನಂತಾದ ಫೆಲ್ಡ್‌ಸ್ಪಾರ್ ಖನಿಜವು ಕಂಡುಬಂದುದನ್ನು 1973ರಲ್ಲಿ ಪ್ರಕಟಿಸಿದ ಮೇಲೆ ಆ ಸಂಶಯವು ಬಗೆಹರಿಯಿತು. ಲೋಣಾರದಲ್ಲಿ ಕರಗಿದ ಶಿಲೆಯು ಕೆರೆಯಂತೆ ನಿಲ್ಲಲಿಲ್ಲ. ಸಣ್ಣ ಗಾಜಿನ ಗೋಲಿಗಳಾಗಿ, ಮುದ್ದೆಗಳಾಗಿ ಸಿಡಿದು ಬೇಗನೆ ಆರಿಹೋಯಿತು. ಸುತ್ತಣ ಬಂಡೆಯನ್ನು ಬೇಯಿಸುವಷ್ಟು ದ್ರವವೂ ಅದಕ್ಕಿರಲಿಲ್ಲ, ಅವಕಾಶವೂ ಇರಲಿಲ್ಲ.

ಸಡ್ಬರಿಯ ಕಥೆ ಬೇರೆ. ಅಲ್ಲಿ ಆಘಾತವು ನಡೆದುದು ಸುಮಾರು 185 ಕೋಟಿ ವರ್ಷಗಳ ಹಿಂದೆ. ಬಿದ್ದ ಕಾಯವು 10ರಿಂದ 15 ಕಿಲೋಮೀಟರ್ ಗಾತ್ರದ್ದಾಗಿರಬೇಕೆಂದೂ, ಎದ್ದ ಕುಳಿಯ ವ್ಯಾಸವು 200 ಕಿಲೋಮೀಟರನ್ನು ಮುಟ್ಟಿ ಮೀರಿದ್ದಿರಬೇಕೆಂದೂ ಅಂದಾಜು. ಆ ಕುಳಿಯೊಳಗೆ ಮಡುಗಟ್ಟಿದ ದ್ರವವು ಆರಿ ಉಂಟಾದ ಶಿಲಾಸ್ತರವೇ ಇಂದಿಗೂ ಎರಡೂವರೆಯಿಂದ ಮೂರು ಕಿಲೋಮೀಟರ್ ದಪ್ಪವಿದೆ. ಮುಂದೆ ಪರ್ವತಗಳು ಏಳುವ ಕಾಲದ ಒತ್ತಡಕ್ಕೆ ಸಿಕ್ಕಿ ದುಂಡನೆಯ ರಚನೆಯು ಚಪ್ಪಟೆಯಾಯಿತು. ಈಗ ನಕ್ಷೆಯಲ್ಲಿ ಕಾಣುವುದು ಸುಮಾರು 60 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಒಂದು ಅಂಡಾಕಾರ. ಉತ್ತರದ ಅಂಚಿನಲ್ಲಿ ಸುಮಾರು 270 ಕೋಟಿ ವರ್ಷ ಹಳೆಯ ನೈಸ್ ಮತ್ತು ಗ್ರಾನೈಟ್ ಬಂಡೆಗಳು, ದಕ್ಷಿಣದ ಅಂಚಿನಲ್ಲಿ ಅವುಗಳಿಗಿಂತ ಕಿರಿಯವಾದ ಮಡ್ಡಿಶಿಲೆಗಳು ಮತ್ತು ಹಳೆಯ ಲಾವಾಶಿಲೆಗಳು ಇದಕ್ಕೆ ಪಾತ್ರೆಯಾಗಿವೆ.

ಈ ಸ್ಥಳವು ಲೋಕಕ್ಕೆ ಪರಿಚಯವಾದುದು ಉಲ್ಕೆಯಿಂದಲ್ಲ, ಲೋಹದಿಂದ. 1856ರಲ್ಲಿ ಸರ್ವೆಯ ಕೆಲಸಕ್ಕೆ ಹೋದ ಆಲ್ಬರ್ಟ್ ಸಾಲ್ಟರ್ ಎಂಬಾತನಿಗೆ ಅಲ್ಲಿ ದಿಕ್ಸೂಚಿಯ ಮುಳ್ಳು ದಿಕ್ಕುತಪ್ಪಿದ್ದು ಕಂಡಿತ್ತು, ಆದರೆ ಯಾರೂ ಅದನ್ನು ಹಿಂಬಾಲಿಸಲಿಲ್ಲ. 1883ರಲ್ಲಿ ರೈಲುದಾರಿಗಾಗಿ ಬಂಡೆಯನ್ನು ಕಡಿಯುತ್ತಿದ್ದಾಗ ಥಾಮಸ್ ಫ್ಲಾನಗನ್ ಎಂಬ ಕಮ್ಮಾರನು ತುಕ್ಕುಬಣ್ಣದ ಅದಿರನ್ನು ಗಮನಿಸಿದನು. ತಾಮ್ರವೆಂದು ಅಗೆದರು. ಅದರಲ್ಲಿ ಬೆರೆತಿದ್ದ ನಿಕಲ್ ಲೋಹವು ಮೊದಲು ಉಪದ್ರವವಾಗಿ ತೋರಿತು, ಅನಂತರ ಅದೇ ಊರಿನ ಭಾಗ್ಯವಾಯಿತು. ಜಗತ್ತಿನ ಅತಿ ದೊಡ್ಡ ನಿಕಲ್ ನಿಕ್ಷೇಪಗಳಲ್ಲಿ ಸಡ್ಬರಿಯೂ ಒಂದು.

ಇಷ್ಟು ಅಗೆದರೂ ಅಲ್ಲಿಯ ಶಿಲೆಯ ಹುಟ್ಟು ಮಾತ್ರ ಎಂಬತ್ತು ವರ್ಷಗಳ ಕಾಲ ತಿಳಿಯಲಿಲ್ಲ. ಅದು ಭೂಗರ್ಭದಿಂದೆದ್ದ ಶಿಲಾಪಾಕವೆಂದೂ, ಮೇಲಿರುವ ಚೂರುಗಲ್ಲಿನ ಸ್ತರವು ಜ್ವಾಲಾಮುಖಿಯ ಬೂದಿಯೆಂದೂ ವಿದ್ವಾಂಸರು ನಂಬಿದ್ದರು. ಅಮೆರಿಕದ ರಾಬರ್ಟ್ ಡೀಟ್ಜ್ ಎಂಬ ವಿಜ್ಞಾನಿಯು, ಇದು ಉಲ್ಕಾಘಾತದ ಗಾಯವಾಗಿದ್ದರೆ ಸುತ್ತಣ ಬಂಡೆಯಲ್ಲಿ ಶಂಕುವಿನಾಕಾರದ ಒಡಕುಗಳು ಇರಲೇಬೇಕೆಂದು ಊಹಿಸಿ, ಹೋಗಿ ಹುಡುಕಿದನು. ಛಿದ್ರಶಂಕುಗಳೆನ್ನಬಹುದಾದ ಆ ಒಡಕುಗಳು ದೊರೆತವು. 1964ರಲ್ಲಿ ಆತನ ಲೇಖನವು ಪ್ರಕಟವಾಯಿತು. 1967ರಲ್ಲಿ ಬೆವನ್ ಫ್ರೆಂಚ್ ಎಂಬಾತನು, ಮೇಲಿನ ಸ್ತರದೊಳಗಿನ ಬೆಣಚುಕಲ್ಲಿನ ಹರಳುಗಳಲ್ಲಿ ಆಘಾತದ ಗೆರೆಗಳಿವೆಯೆಂದು ತೋರಿಸಿದನು. ನೋಡದೆ ಇದ್ದುದನ್ನು 'ಇರಬೇಕು' ಎಂದು ಮೊದಲು ಹೇಳಿ, ಅನಂತರ ಕಂಡುಹಿಡಿದ ಡೀಟ್ಜನ ಕ್ರಮವು ತರ್ಕಶಾಸ್ತ್ರದ ಅನುಮಾನಪ್ರಮಾಣಕ್ಕೆ ಉತ್ತಮ ದೃಷ್ಟಾಂತವಾಗಿ ತರಗತಿಯಲ್ಲಿ ಬಳಸತಕ್ಕದ್ದು. ಆದರೂ, ಆಘಾತವಾಯಿತು, ಅದರಿಂದ ಬಿರುಕುಂಟಾಗಿ ಭೂಗರ್ಭದ ಪಾಕವು ಮೇಲೆ ಬಂದಿತು ಎಂಬ ಮಧ್ಯಮಮಾರ್ಗದ ವಾದವು ಇನ್ನೂ ಬಹುಕಾಲ ಉಳಿದಿದ್ದಿತು. 1985ರಲ್ಲಿ ಅಸೀಶ್ ಬಸು ಮೊದಲಾದವರು ಅಲ್ಲಿಯ ಶಿಲೆಯಲ್ಲಿರುವ ನಿಯೋಡಿಮಿಯಂ ಧಾತುವಿನ ಸಮಸ್ಥಾನಿಗಳನ್ನು ಅಳೆದು, ಆ ದ್ರವ್ಯವು ಭೂಗರ್ಭದ್ದಲ್ಲ, ಹಳೆಯ ಹೊರಚಿಪ್ಪಿನದೇ ಎಂದು ಸ್ಥಾಪಿಸಿದರು.

ವಾಸ್ತವವಾಗಿ ಬೆರಳಚ್ಚಿಲ್ಲದೆಯೂ ಬಂಡೆಯ ಮೈಯಲ್ಲೇ ಸೂಚನೆಯಿದ್ದಿತು. ಸಡ್ಬರಿಯ ಸ್ತರದಲ್ಲಿ ಕೆಳಗೆ ನೋರೈಟ್ ಎಂಬ ಕಪ್ಪುಛಾಯೆಯ ಭಾರವಾದ ಶಿಲೆ, ಮೇಲೆ ಗ್ರಾನೊಫೈರ್ ಎಂಬ ತಿಳಿಬಣ್ಣದ ಹಗುರವಾದ ಶಿಲೆ. ಭೂಗರ್ಭದಿಂದ ಬಂದ ಪಾಕವು ತಿಳಿಯಾದರೆ ಇಂಥ ಹಗುರಶಿಲೆಯು ಮೇಲೆ ಕೆನೆಯಷ್ಟು ಮಾತ್ರ ಕಟ್ಟುತ್ತದೆ. ಇಲ್ಲಿ ಅದು ಒಟ್ಟು ದಪ್ಪದ ಅರ್ಧಕ್ಕಿಂತಲೂ ಹೆಚ್ಚು. ಪಾತ್ರೆಯ ಅರ್ಧಕ್ಕೂ ಮೀರಿ ಕೆನೆ ಕಟ್ಟಿದರೆ ಅದು ಬರಿಯ ಹಾಲಲ್ಲವೆಂದು ಮನೆಯ ಯಜಮಾನಿಯು ಹೇಳಿಯಾಳು!

ಇನ್ನು ಮುಖ್ಯ ವಿಷಯ. ಜ್ವಾಲಾಮುಖಿಯಿಂದ ಹರಿಯುವ ಲಾವಾರಸದ ಉಷ್ಣತೆಯು ಸ್ಥೂಲವಾಗಿ 700ರಿಂದ 1200 ಡಿಗ್ರಿ ಸೆಲ್ಸಿಯಸ್. ಅದು ತನ್ನ ದ್ರವತ್ವವನ್ನು ಉಳಿಸಿಕೊಳ್ಳಲು ಬೇಕಾದಷ್ಟೇ ಶಾಖವನ್ನು ಹೊಂದಿರುತ್ತದೆ; ಅನೇಕ ವೇಳೆ ಅದರೊಳಗೆ ಹರಳುಗಳು ಆಗಲೇ ಕಟ್ಟತೊಡಗಿರುತ್ತವೆ. ಆದುದರಿಂದ ಎದುರಾದ ಬಂಡೆಯನ್ನು ಕರಗಿಸಹೊರಟರೆ ತಾನೇ ಹೆಪ್ಪುಗಟ್ಟುತ್ತದೆ. ದುಡಿದುದು ಅಂದಿನ ಊಟಕ್ಕೇ ಸಾಲದ ಗೃಹಸ್ಥನು ದಾಸೋಹ ನಡೆಸಲಾರ. ಆಘಾತದ್ರವದ ಸ್ಥಿತಿ ಹಾಗಲ್ಲ. ಕರಗುವುದಕ್ಕೆ ಬೇಕಾದುದಕ್ಕಿಂತ ನೂರಾರು ಡಿಗ್ರಿ ಹೆಚ್ಚಿನ ಶಾಖವು ಅದರಲ್ಲಿ ಉಳಿತಾಯವಾಗಿರುತ್ತದೆ. ಕೆನಡಾದಲ್ಲಿಯೇ ಲ್ಯಾಬ್ರಡಾರ್ ಪ್ರಾಂತದ ಮಿಸ್ಟಾಸ್ಟಿನ್ ಎಂಬ ಕುಳಿಯ ಆಘಾತಶಿಲೆಯಲ್ಲಿ ಸಿಕ್ಕ ಜರ್ಕಾನ್ ಹರಳೊಂದನ್ನು ಪರೀಕ್ಷಿಸಿದವರು, ಆ ದ್ರವವು 2370 ಡಿಗ್ರಿಯನ್ನು ಮೀರಿ ಕಾದಿತ್ತೆಂದು 2017ರಲ್ಲಿ ಪ್ರಕಟಿಸಿದರು. ಭೂಮಿಯ ಮೇಲ್ಮೈಯ ಯಾವ ಜ್ವಾಲಾಮುಖಿಯೂ ಇಂಥ ಶಾಖವನ್ನು ಕಂಡುದಿಲ್ಲ.

ಈ ಉಳಿತಾಯದ ಮೊದಲ ವೆಚ್ಚವು ದ್ರವದೊಳಗೇ ಆಗುತ್ತದೆ. ಆಘಾತದಲ್ಲಿ ಕರಗಿದ ಶಿಲೆಯ ಜೊತೆಗೆ ಕರಗದೆ ಒಡೆದ ಚೂರುಗಳೂ ಬಂದು ಬೀಳುತ್ತವೆ. ಕುಳಿಯು ಚಿಕ್ಕದಾಗಿದ್ದರೆ ತಣ್ಣಗಿನ ಈ ಚೂರುಗಳು ದ್ರವದ ಶಾಖವನ್ನು ಹೀರಿ, ಕೆಲವೇ ಗಳಿಗೆಗಳಲ್ಲಿ ಅದನ್ನು ಗಟ್ಟಿಗೊಳಿಸುತ್ತವೆ. ಜರ್ಮನಿಯ ರೀಸ್ ಕುಳಿಯಲ್ಲಿ ಹೀಗೆ ಗಾಜೂ ಚೂರುಗಲ್ಲೂ ಬೆರೆತು ಉಂಟಾದ ಸ್ವೇವೈಟ್ ಎಂಬ ಶಿಲೆಯಿದೆ. ಅಲ್ಲಿಯ ನೋರ್ಡ್ಲಿಂಗೆನ್ ಪಟ್ಟಣದ ಸಂತ ಜಾರ್ಜನ ಚರ್ಚನ್ನು ಆ ಕಲ್ಲಿನಿಂದಲೇ ಕಟ್ಟಿದ್ದಾರೆ. ಸಡ್ಬರಿಯಂಥ ಮಹಾಕುಳಿಯಲ್ಲಿ ದ್ರವದ ಮಡುವು ಆಳವಾದುದರಿಂದ, ಬಿದ್ದ ಚೂರುಗಳಲ್ಲಿ ಬಹುಪಾಲು ಅದರಲ್ಲಿ ಕರಗಿ ಲೀನವಾದವು. ನೋರೈಟ್ ಮತ್ತು ಗ್ರಾನೊಫೈರ್ ಸ್ತರಗಳ ಮೈಯು ಶುದ್ಧವಾಗಿರುವುದು ಇದರ ಫಲ.

ಎರಡನೆಯ ವೆಚ್ಚವು ತಳದ ಮೇಲೆ. ಮಡುವು ಗಟ್ಟಿಯಾಗಲು ಲಕ್ಷ ವರ್ಷಗಳ ಪ್ರಮಾಣದ ಕಾಲ ಹಿಡಿದಿರಬೇಕು. ಅಷ್ಟು ಕಾಲವೂ ಅದರ ಕೆಳಗಿನ ಬಂಡೆಯು ಆವಿಗೆಯೊಳಗಿನ ಮಡಕೆಯಂತೆ ಬೆಂದಿತು. ಉತ್ತರದ ಅಂಚಿನಲ್ಲಿ ಈ ಬೆಂದ ಪಟ್ಟಿಯು ಒಂದು ಕಿಲೋಮೀಟರಿಗೂ ಹೆಚ್ಚು ಅಗಲವಾಗಿದೆ. ಅಲ್ಲಿ ಹಳೆಯ ಖನಿಜಗಳು ಅಳಿದು ಹೊಸ ಖನಿಜಗಳು ಹುಟ್ಟಿವೆ. ಎಂದರೆ ಆಕಾಶದ ಒಂದು ಪೆಟ್ಟಿನಿಂದ ಮೊದಲು ಅಗ್ನಿಶಿಲೆಯೂ, ಅದರ ಶಾಖದಿಂದ ಮಗ್ಗುಲಲ್ಲಿ ರೂಪಾಂತರಶಿಲೆಯೂ ಹುಟ್ಟಿದಂತಾಯಿತು.

ದ್ರವಕ್ಕೆ ಅತ್ಯಂತ ಸಮೀಪದಲ್ಲಿ ಇನ್ನೊಂದು ಪಟ್ಟಿಯಿದೆ. ಅದು ಒಡೆದ ಕಲ್ಲಿನ ಚೂರುಗಳು ಗಾರೆಯಲ್ಲಿ ಕೂಡಿಸಿದಂತೆ ಸೇರಿಕೊಂಡಿರುವ ಶಿಲೆ. ಇಂಥ ಶಿಲೆಯನ್ನು ಬ್ರೆಸಿಯ ಎನ್ನುತ್ತಾರೆ. ಚೂರುಗಳ ನಡುವಣ ಗಾರೆಯು ಗ್ರಾನೈಟಿನಂತೆ ಕಾಣುತ್ತಿದ್ದುದರಿಂದ, ಹಿಂದಿನವರು ಇದು ಮಡುವು ಆರಿದ ಮೇಲೆ ಕೆಳಗಿನಿಂದ ನುಗ್ಗಿದ ಹೊಸ ಗ್ರಾನೈಟ್ ಎಂದು ತಿಳಿದು 'ತಡವಾದ ಗ್ರಾನೈಟ್ ಬ್ರೆಸಿಯ' ಎಂದು ಹೆಸರಿಟ್ಟರು. ನಿಜವು ವಿಪರೀತವಾಗಿದ್ದಿತು. ಅದು ಆಘಾತದ ಕ್ಷಣದಲ್ಲಿಯೇ ಒಡೆದ ತಳದ ಬಂಡೆ. ಮೇಲಿದ್ದ ಮಡುವಿನ ಶಾಖಕ್ಕೆ ಅದರ ಪುಡಿಯ ಭಾಗವು ಮತ್ತೆ ಕರಗಿ, ದೊಡ್ಡ ಚೂರುಗಳು ಕರಗದೆ ಉಳಿದು, ಎಲ್ಲವೂ ತಣಿದಾಗ ಗಾರೆಯಂತೆ ಬಿಗಿದುಕೊಂಡಿತು. ಹೊರಗಿನಿಂದ ಬಂದದ್ದು ಏನೂ ಇಲ್ಲ. ಒಂದು ತಪ್ಪುಹೆಸರು ಹಲವು ದಶಕಗಳ ವಿಚಾರವನ್ನು ಅಡ್ಡದಾರಿಗೆ ಎಳೆಯಬಲ್ಲದೆಂಬುದು ವ್ಯಾಕರಣ ಓದಿದವರಿಗೆ ಹೊಸ ಸಂಗತಿಯಲ್ಲ.

ತಳವು ಬೆಂದುದಷ್ಟೇ ಅಲ್ಲ, ಅಲ್ಲಲ್ಲಿ ಸವೆದು ದ್ರವದೊಳಗೆ ಸೇರಿತು ಕೂಡ. ಮಡುವಿನ ತಳದಲ್ಲಿ ಕೊಲ್ಲಿಗಳಂಥ ತಗ್ಗುಗಳಿವೆ. ಕುಸಿತದಿಂದ ಉಂಟಾದ ಈ ತಗ್ಗುಗಳನ್ನು ಬಿಸಿಯಾದ ದ್ರವವು ಕೊರೆದು ಇನ್ನಷ್ಟು ಹಿಗ್ಗಿಸಿತೆಂದು ತಜ್ಞರ ಅಭಿಪ್ರಾಯ. ತಳಕ್ಕೆ ಅಂಟಿದ ತೆಳುವಾದ ಸ್ತರದಲ್ಲಿಯೂ ಅಲ್ಲಿಯ ಅದಿರಿನಲ್ಲಿಯೂ ಇರುವ ಸೀಸದ ಸಮಸ್ಥಾನಿಗಳನ್ನು ಅಳೆದರೆ, ಉತ್ತರದ ಅಂಚಿನದು ಒಂದು ಬಗೆ, ದಕ್ಷಿಣದ ಅಂಚಿನದು ಇನ್ನೊಂದು ಬಗೆ. ಆಯಾ ಕಡೆಯ ಅಂತರವು ಆಯಾ ಕಡೆಯ ಬಂಡೆಯ ಗುಣವನ್ನೇ ಹೋಲುತ್ತದೆ. ಮಡುವು ಒಂದೇ ಆದರೂ ಅದು ಯಾವ ದಂಡೆಯನ್ನು ಮುಟ್ಟಿತೋ ಆ ದಂಡೆಯ ರುಚಿಯನ್ನು ತನ್ನ ಅಂಚಿನಲ್ಲಿ ಇರಿಸಿಕೊಂಡಿದೆ.

ಮೂರನೆಯದು ದ್ರವವು ಬಂಡೆಯೊಳಕ್ಕೆ ನುಗ್ಗಿದ ಬಗೆ. ಚಾಮರಾಜನಗರದ ಕಡೆಯಿಂದ ದೇಶವಿದೇಶಗಳಿಗೆ ಹೋಗುವ ನುಣುಪಾದ ಕರಿಕಲ್ಲನ್ನು ಕಂಡವರು ಬಹಳ ಮಂದಿ ಇದ್ದಾರೆ. ಅದು ಡೈಕ್ ಎಂಬ ಶಿಲಾಭಿತ್ತಿಗಳಿಂದ ತೆಗೆದದ್ದು. ಭೂಮಿಯ ಆಳದಿಂದ ಪಾಕವು ಬಿರುಕುಗಳಲ್ಲಿ ಮೇಲಕ್ಕೇರಿ ಗಟ್ಟಿಯಾಗಿ ಗೋಡೆಯಂತೆ ನಿಂತಿರುವುದೇ ಡೈಕ್. ಸಡ್ಬರಿಯ ಡೈಕುಗಳು ಇದಕ್ಕೆ ತಿರುಗುಮುರುಗು. ಅಲ್ಲಿ ದ್ರವವು ಮೇಲಿನ ಮಡುವಿನಿಂದ ಕೆಳಕ್ಕೂ ಹೊರಕ್ಕೂ ಇಳಿಯಿತು. ಫಾಯ್ ಎಂಬ ಹೆಸರಿನ ಡೈಕು ಮಡುವಿನ ಅಂಚಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರ ಚಾಚಿದೆ. ಕಾಪರ್ ಕ್ಲಿಫ್, ವರ್ದಿಂಗ್ಟನ್ ಎಂಬವು ದಕ್ಷಿಣದಲ್ಲಿವೆ. ಹೆಸ್ ಎಂಬುದು ಮಾತ್ರ ಕಿರಣದಂತೆ ಹೊರಚಾಚದೆ ಮಡುವಿನ ಅಂಚಿಗೆ ಸಮಾಂತರವಾಗಿ ಬಳೆಯ ತುಂಡಿನಂತೆ ಬಾಗಿದೆ. ಕುಳಿಯು ಏಳುವಾಗ ನೆಲವು ಸೀಳಿದ ಬಗೆಯನ್ನು ಈ ಎರಡು ಜಾತಿಯ ಡೈಕುಗಳು ಹಾಗೆಯೇ ಅಚ್ಚುಹಾಕಿ ಇರಿಸಿವೆ.

ವರ್ದಿಂಗ್ಟನ್ ಮೊದಲಾದ ಡೈಕುಗಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಇನ್ನೊಂದು ಸಂಗತಿಯು ತಿಳಿಯುತ್ತದೆ. ಎರಡು ಅಂಚುಗಳಲ್ಲಿ ಚೂರುಗಳಿಲ್ಲದ, ಅದಿರಿಲ್ಲದ ಶುದ್ಧಶಿಲೆ. ನಡುವೆ ಚೂರುಗಳಿಂದಲೂ ಅದಿರಿನಿಂದಲೂ ಕಿಕ್ಕಿರಿದ ಶಿಲೆ. ಕೆಲವೆಡೆ ಇವೆರಡರ ನಡುವಣ ಗಡಿಯು ಚೊಕ್ಕಟವಾಗಿ ಗೆರೆ ಎಳೆದಂತಿದೆ. ಎಂದ ಮೇಲೆ ದ್ರವವು ಒಂದೇ ಸಲ ನುಗ್ಗಲಿಲ್ಲ. ಮೊದಲ ಸಲ ನುಗ್ಗಿದಾಗ ಮಡುವು ಇನ್ನೂ ಅತ್ಯಂತ ಬಿಸಿಯಾಗಿದ್ದಿತು, ಲೋಹವು ಅದರಿಂದ ಇನ್ನೂ ಬೇರ್ಪಟ್ಟಿರಲಿಲ್ಲ. ಎರಡನೆಯ ಸಲ ಬಿರುಕು ಮತ್ತೆ ಬಾಯಿ ತೆರೆದಾಗ, ಲೋಹವು ಬೇರ್ಪಟ್ಟು ತಳಕ್ಕೆ ಇಳಿದಿದ್ದಿತು, ತಳದ ಚೂರುಗಳೂ ಸಡಿಲಾಗಿದ್ದವು. ಅವೆಲ್ಲವೂ ಆ ಬಾಯಿಗೆ ಬಿದ್ದವು.

ಲೋಹವು ಬೇರ್ಪಟ್ಟ ಕ್ರಮವನ್ನು ಇಲ್ಲಿ ಹೇಳಬೇಕು. ಆಘಾತದ್ರವದಲ್ಲಿ ಗಂಧಕವೂ ಕರಗಿದ್ದಿತು. ದ್ರವವು ತಣಿಯುತ್ತ ಬಂದಂತೆ ಅಷ್ಟು ಗಂಧಕವನ್ನು ಹಿಡಿದಿಡಲಾರದೆ ಹೋಯಿತು. ಆಗ ಎಣ್ಣೆಯು ನೀರಿನಿಂದ ಬೇರ್ಪಡುವಂತೆ, ಕಬ್ಬಿಣ ಮತ್ತು ಗಂಧಕಗಳ ಭಾರವಾದ ಹನಿಗಳು ಬೇರ್ಪಟ್ಟವು. ನಿಕಲ್, ತಾಮ್ರ, ಪ್ಲಾಟಿನಂ ಜಾತಿಯ ಲೋಹಗಳಿಗೆ ಶಿಲಾದ್ರವಕ್ಕಿಂತ ಈ ಹನಿಗಳ ಸಹವಾಸವೇ ಹೆಚ್ಚು ಪ್ರಿಯ. ಸುತ್ತಲಿನಿಂದ ಅವುಗಳನ್ನು ಹೀರಿಕೊಂಡು ಹನಿಗಳು ಕೆಳಗಿಳಿದವು. ಬೆಣ್ಣೆ ಕಾಯಿಸಿದಾಗ ತುಪ್ಪವು ತಿಳಿಯಾಗಿ ಮೇಲೆ ನಿಂತು ಗಸಿಯು ತಳಕ್ಕಿಳಿಯುವಂತೆ ಇದು. ಹಾಗಿಳಿದ ಗಸಿಯು ತಳದ ಕೊಲ್ಲಿಗಳಲ್ಲಿ, ಬ್ರೆಸಿಯದ ಸಂದುಗಳಲ್ಲಿ, ಡೈಕುಗಳ ಬಾಯಿಯಲ್ಲಿ ಮಡುಗಟ್ಟಿತು. ಗಣಿಗಳು ಇರುವುದು ಆ ಸ್ಥಳಗಳಲ್ಲಿಯೇ.

ಅಲ್ಲಿಗೂ ವ್ಯವಹಾರವು ಮುಗಿಯಲಿಲ್ಲ. ತಳದಲ್ಲಿ ನಿಂತ ಗಂಧಕದ್ರವವು ಗಟ್ಟಿಯಾಗತೊಡಗಿದಾಗ ಮೊದಲು ಹರಳುಗಟ್ಟಿದ್ದು ಕಬ್ಬಿಣ ಮತ್ತು ನಿಕಲ್ ಹೆಚ್ಚಾಗಿರುವ ಭಾಗ. ಉಳಿದ ದ್ರವದಲ್ಲಿ ತಾಮ್ರ, ಪ್ಲಾಟಿನಂ, ಪಲ್ಲೇಡಿಯಂ ಲೋಹಗಳು ಸಾಂದ್ರವಾದವು. ಈ ಉಳಿಕೆಯು ಕಡಿಮೆ ಉಷ್ಣತೆಯಲ್ಲಿಯೂ ದ್ರವವಾಗಿಯೇ ಇರಬಲ್ಲುದಾದುದರಿಂದ, ಕೆಳಗಿನ ಬಂಡೆಯ ಬಿರುಕುಗಳನ್ನು ಹಿಡಿದು ನೂರಾರು ಮೀಟರ್ ಆಳಕ್ಕೆ ಇಳಿಯಿತು. ಆ ಬಿರುಕುಗಳೋ ಆಘಾತದ ಕ್ಷಣದಲ್ಲಿ ಬಿಟ್ಟವು. ಸ್ಟ್ರಾತ್‌ಕೋನಾ ಗಣಿಯ ಆಳದಲ್ಲಿ ಹೀಗೆ ಹೋಗಿ ನಿಂತ ತಾಮ್ರದ ಅದಿರಿನ ಎಳೆಗಳಿವೆ. ಆಯುರ್ವೇದದ ರಸಶಾಸ್ತ್ರವು ಸ್ವರ್ಣಮಾಕ್ಷಿಕವೆಂದು ಕರೆಯುವ ಹೊಂಬಣ್ಣದ ಖನಿಜವೇ ಅಲ್ಲಿಯ ಮುಖ್ಯ ಅದಿರು. ಉಪ್ಪುನೀರಿನಂಥ ಬಿಸಿದ್ರಾವಣಗಳೂ ಅದೇ ದಾರಿಯಲ್ಲಿ ಸಂಚರಿಸಿ ಲೋಹವನ್ನು ಇನ್ನೂ ದೂರಕ್ಕೆ ಕೊಂಡೊಯ್ದುವೆಂಬುದಕ್ಕೆ ಕುರುಹುಗಳಿವೆ. ಅಗ್ನಿಶಿಲೆಯು ಮುಗಿದಲ್ಲಿ ಅದಿರೂ ಮುಗಿಯಿತೆಂದು ತಿಳಿದು ಗಣಿಯನ್ನು ನಿಲ್ಲಿಸಿದ್ದರೆ ಈ ಸಂಪತ್ತು ಕೈತಪ್ಪುತ್ತಿದ್ದಿತು. ಬೆಂದ ಬಂಡೆಯೊಳಗೂ ಹುಡುಕಬೇಕೆಂಬ ತಿಳಿವಳಿಕೆಗೆ ಹಣದ ಬೆಲೆಯೂ ಉಂಟು.

ಇದರ ನಡುವೆ ಇನ್ನೊಂದು ಬಗೆಯ ಕರಗುವಿಕೆಯನ್ನು ಮರೆಯುವಂತಿಲ್ಲ. ಆಘಾತದಲ್ಲಿ ಬಂಡೆಗಳು ಒಂದರ ಮೇಲೊಂದು ಉಜ್ಜಿಕೊಂಡು ಸರಿದಾಗ, ಉಜ್ಜಿದ ಸಾಲಿನಲ್ಲಿ ಪುಡಿಯಾಗಿ, ಕೆಲವೆಡೆ ಕರಗಿ, ಕಪ್ಪು ಎಳೆಗಳಾಗುತ್ತವೆ. ವ್ರೆಡೆಫೋರ್ಟಿನ ಬಳಿಯ ಪ್ಯಾರಿಸ್ ಎಂಬ ಊರಿನಲ್ಲಿ ಇಂಥ ಎಳೆಗಳನ್ನು ಕಂಡು ಶ್ಯಾಂಡ್ ಎಂಬ ವಿದ್ವಾಂಸನು 1916ರಲ್ಲಿ 'ಸ್ಯೂಡೊಟ್ಯಾಕಿಲೈಟ್' ಎಂಬ ಹೆಸರಿಟ್ಟನು. ಈ ಪ್ಯಾರಿಸ್ ದಕ್ಷಿಣ ಆಫ್ರಿಕಾದ್ದು, ಫ್ರಾನ್ಸಿನದಲ್ಲ. ಸಡ್ಬರಿಯಲ್ಲಿ ಇಂಥ ಬ್ರೆಸಿಯವು ಮಡುವಿನಿಂದ ಹತ್ತಾರು ಕಿಲೋಮೀಟರ್ ದೂರದವರೆಗೂ ಸಿಗುತ್ತದೆ. ಮೇಲಿನ ಮಡುವಿನ ದ್ರವಕ್ಕೆ ಮೈಲುಗಟ್ಟಲೆ ಹರಿದುಹೋಗಲು ದುರ್ಬಲವಾದ ದಾರಿಗಳು ಬೇಕಿದ್ದವು. ಅನೇಕ ಕಡೆ ಈ ಎಳೆಗಳೇ ಆ ದಾರಿಗಳಾದವು.

ಮಡುವಿನ ಮೇಲ್ಭಾಗದ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಅಲ್ಲಿ ದ್ರವಕ್ಕೆ ಎದುರಾದುದು ಬಂಡೆಗಿಂತ ಹೆಚ್ಚಾಗಿ ನೀರು. ಕುಳಿಯೊಳಕ್ಕೆ ನುಗ್ಗಿದ ಸಮುದ್ರದ ನೀರು ಬಿಸಿದ್ರವವನ್ನು ಮುಟ್ಟಿ ಸಿಡಿದು, ಗಾಜಿನ ಚೂರು, ಕಲ್ಲಿನ ಚೂರುಗಳೆಲ್ಲ ಸೇರಿ ಸುಮಾರು ಒಂದೂವರೆ ಕಿಲೋಮೀಟರ್ ದಪ್ಪದ ಆನಪಿಂಗ್ ಎಂಬ ಸ್ತರವಾಯಿತು. ಹಿಂದಿನವರು ಜ್ವಾಲಾಮುಖಿಯ ಬೂದಿಯೆಂದು ಭಾವಿಸಿದ್ದುದು ಇದನ್ನೇ. ಸಿಡಿತದ ಬಗೆಯು ಜ್ವಾಲಾಮುಖಿಯದನ್ನೇ ಹೋಲುವುದರಿಂದ ಅವರನ್ನು ದೂಷಿಸುವಂತಿಲ್ಲ. ಅಂಥದೇ ಭ್ರಮೆಯು ಚಂದ್ರಲೋಕದಲ್ಲಿಯೂ ನಡೆಯಿತು. ಅಪೊಲೊ 16ರ ಯಾತ್ರಿಕರು 1971ರಲ್ಲಿ ಸಡ್ಬರಿಗೆ ಬಂದು ಶಿಲೆಗಳನ್ನು ಗುರುತಿಸುವ ಅಭ್ಯಾಸ ಮಾಡಿದ್ದರು. ಅವರು 1972ರ ಏಪ್ರಿಲ್‌ನಲ್ಲಿ ಇಳಿದ ಡೆಕಾರ್ಟ್ ಎಂಬ ಚಂದ್ರನ ಮಲೆನಾಡಿನಲ್ಲಿ ಜ್ವಾಲಾಮುಖಿಯ ಶಿಲೆಗಳು ದೊರೆಯುವುವೆಂದು ನಿರೀಕ್ಷಿಸಲಾಗಿದ್ದಿತು. ಅಲ್ಲಿ ಸಿಕ್ಕಿದುದು ಬಹುತೇಕ ಆಘಾತದ ಬ್ರೆಸಿಯ.

ನಿಕಲ್ಲಿನ ಮೂಲವೇನು ಎಂಬ ಪ್ರಶ್ನೆಯು ಇನ್ನು ಉಳಿದಿದೆ. ಕಬ್ಬಿಣದ ಉಲ್ಕೆಗಳಲ್ಲಿ ನಿಕಲ್ ಇರುವುದು ಸರ್ವವಿದಿತ. ಸಡ್ಬರಿಯಲ್ಲಿ ಉಲ್ಕೆ ಬಿದ್ದಿದೆ, ನಿಕಲ್ ಸಿಕ್ಕಿದೆ. ಆದುದರಿಂದ ನಿಕಲ್ ಉಲ್ಕೆಯದೇ ಎಂಬ ವಾದವು ಎಷ್ಟು ಸುಲಭವೋ ಅಷ್ಟೇ ಆಕರ್ಷಕ. ಡೀಟ್ಜನೂ ಅದರ ಮೋಹಕ್ಕೆ ಒಳಗಾಗಿದ್ದನು. ಆದರೆ ಅಲ್ಲಿಯ ಅದಿರಿನಲ್ಲಿರುವ ಆಸ್ಮಿಯಂ ಲೋಹದ ಪರೀಕ್ಷೆಯು ಬೇರೆಯದನ್ನೇ ಹೇಳಿತು. ಲೋಹವು ಭೂಮಿಯ ಹೊರಚಿಪ್ಪಿನದೇ. ಹಳೆಯ ಶಿಲೆಗಳಲ್ಲಿ ಅಣುವಣುವಾಗಿ ಹರಡಿದ್ದ ನಿಕಲ್ಲನ್ನು ಮಡುವು ಕರಗಿಸಿ, ಗಂಧಕದ ಹನಿಗಳು ಸಂಗ್ರಹಿಸಿ, ತಳದ ಬಂಡೆಯು ತನ್ನ ತಗ್ಗುಗಳಲ್ಲಿ ಹಿಡಿದುಕೊಂಡಿತು. ಉಲ್ಕೆಯು ತಂದದ್ದು ಲೋಹವಲ್ಲ, ಶಾಖ.

ಅಂಥದೇ ಆದ ವ್ರೆಡೆಫೋರ್ಟಿನಲ್ಲಿ ಮಡುವು ಈಗ ಇಲ್ಲ. ಅಲ್ಲಿ ಆಘಾತವು ನಡೆದು ಸುಮಾರು 202 ಕೋಟಿ ವರ್ಷಗಳಾಗಿವೆ. ಅಷ್ಟು ಕಾಲದಲ್ಲಿ ಮಳೆ ಗಾಳಿಗಳು ಮೇಲಿನ ಹಲವು ಕಿಲೋಮೀಟರ್ ಬಂಡೆಯನ್ನು ಸವೆಸಿ, ಆಘಾತದ್ರವದ ಸ್ತರವನ್ನೆಲ್ಲ ಕೊಚ್ಚಿಕೊಂಡು ಹೋಗಿವೆ. ಉಳಿದಿರುವುದು ಅದರ ಕೆಳಗಿನ ಬಂಡೆಗೆ ಇಳಿದ ಕೆಲವೇ ಡೈಕುಗಳು. ಕಪ್ಪಾದ ಆ ಗೋಡೆಗಳೊಳಗೆ ಗ್ರಾನೈಟಿನ, ಬೆಣಚುಶಿಲೆಯ ಚೂರುಗಳು ಕರಗದೆ ಸಿಕ್ಕಿಕೊಂಡಿವೆ. ಚೂರುಗಳು ಹೇಗೇ ಇರಲಿ, ಅವುಗಳನ್ನು ಹಿಡಿದಿರುವ ಶಿಲೆಯ ರಾಸಾಯನಿಕ ರಚನೆಯು ಒಂದು ಡೈಕಿನಿಂದ ಇನ್ನೊಂದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಅವೆಲ್ಲವೂ ಒಂದೇ ಮಡುವಿನಿಂದ ಇಳಿದುವೆಂಬುದಕ್ಕೆ ಅದು ಆಧಾರ. ಮಡುವಿನ ಆಳ, ಉಷ್ಣತೆ, ರಚನೆ ಎಲ್ಲವನ್ನೂ ಆ ಡೈಕುಗಳಿಂದಲೇ ಊಹಿಸಬೇಕಾಗಿದೆ. ಈ ಪ್ರದೇಶವನ್ನು 2005ರಲ್ಲಿ ವಿಶ್ವಪರಂಪರೆಯ ತಾಣವೆಂದು ಘೋಷಿಸಲಾಯಿತು.